ಪಾನಾ ಬಿಗಿದ ನಲ್ಲಿ

ಬಚ್ಚಲುಮನೆಯ ಹಳೆ ನಲ್ಲಿಯನ್ನು ಒಂದೇ ಏಟಿಗೆ ಕಿತ್ತು ತೆಗೆದ ಮೇಲೆ ಕಬ್ಬಿಣದ ಪಾನಾಕ್ಕೆ ಕೋಡು ಮೂಡಿತು. ಆ ಮನೆಯೊಡತಿ ಚೂಡಾಮಣಿ ಅದೇ ಪಾನಾದಿಂದ ಹೊಸ ನಲ್ಲಿಯನ್ನೂ ತಿರುಗಿಸಿ ಕೂರಿಸಿ, ಮಾಳಿಗೆಯ ಮೇಲೆ ಹೋಗಿ ಟ್ಯಾಂಕಿನ ನೀರು ಬಿಟ್ಟು ಬಂದಳು. ನೋಡಿದರೆ ನಲ್ಲಿಯ ಬುಡದಲ್ಲಿ ನೀರು ಜಿನುಗುತ್ತಿತ್ತು.

"ಇನ್ನೊಂದು ಸುತ್ತು ಬಿಗಿದರೆ ತಾನಾಗಿ ನಿಲ್ಲುತ್ತದೆ," ಎಂದಿತು ಪಾನಾ.

ನೀರು ಸೋರದಿರಲೆಂದು ನಲ್ಲಿಯ ಥ್ರೆಡ್ಡಿಗೆ ಸುತ್ತಿದ್ದ ಬಿಳಿ ಟೇಪು ಹೊರಗೆ ಇಣುಕಿ ಹೇಳಿತು: "ತಡೆಯಣ್ಣಾ! ನನ್ನನ್ನು ಉಲ್ಟಾ ಸುತ್ತಿದ್ದಾರೆ. ನೀನು ಬಿಗಿದಷ್ಟೂ ನಾನು ಬಿಚ್ಚಿಕೊಂಡು ಹೊರಗೆ ಬರುತ್ತಿದ್ದೇನೆ. ನಲ್ಲಿ ಬಿಚ್ಚು, ನನ್ನನ್ನು ಸರಿಯಾಗಿ ಸುತ್ತಲಿ, ಆಮೇಲೆ ಕೂರಿಸು."

"ನಾನು ಬಿಗಿದದ್ದನ್ನು ನಾನೇ ಬಿಚ್ಚುವುದೇ? ನನ್ನ ಮರ್ಯಾದೆ ಏನಾಗಬೇಕು? ಉಸಿರು ಬಿಟ್ಟರೆ ಹಾರಿಹೋಗುವ ನೀನು ನನಗೆ ಬುದ್ಧಿ ಹೇಳಬೇಡ."

ಚೂಡಾಮಣಿಗೂ ಬಿಚ್ಚಲು ಮನಸ್ಸಿರಲಿಲ್ಲ. ಹಲ್ಲು ಕಚ್ಚಿ ಪಾನಾ ಒತ್ತಿದಳು. ಟೇಪು ಪೂರಾ ಹೊರಗೆ ಬಂದು ಜೋತುಬಿತ್ತು. ಮತ್ತೂ ಒತ್ತಿದಳು. ಗೋಡೆಯೊಳಗೆ ಏನೋ ಲಟಕ್ಕೆಂದಿತು, ನೀರು ಅವಳ ಮುಖಕ್ಕೇ ಚಿಮ್ಮಿತು.

ಮರುದಿನ ಗಾರೆಯವನ ಉಳಿ ಬಂದು ಗೋಡೆ ಒಡೆಯಿತು. ಒಡೆದ ಪೈಪಿನ ತುಂಡನ್ನು ಕಚ್ಚಿಕೊಂಡೇ ಹೊಸ ನಲ್ಲಿ ಹೊರಗೆ ಬಂತು.

"ಯಾರಪ್ಪಾ ಇದನ್ನು ಕೂರಿಸಿದ ಪುಣ್ಯಾತ್ಮ?" ಎಂದು ಉಳಿ ಕೇಳಿತು.

ಮೂಲೆಯಲ್ಲಿದ್ದ ಪಾನಾ ಎದೆಯುಬ್ಬಿಸಿ ಹೇಳಿತು: "ನಾನೇ. ನೋಡು, ಗೋಡೆ ಬಿದ್ದರೂ ನಾನು ಬಿಗಿದ ನಲ್ಲಿ ಒಂದು ಚೂರೂ ಸಡಿಲವಾಗಿಲ್ಲ!"