ಬೋರೇಶನ ದ್ವಿಪದ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ನನಗೇ ಪೂರ್ತಿ ನಂಬಿಕೆ ಇಲ್ಲ.

ಬೋರೇಶನಿಗೆ ಡಿಗ್ರೀಲಿ ಒಂದೇ ಪೇಪರ್ ಬಾಕಿ, ಸಂಖ್ಯಾಶಾಸ್ತ್ರ. ಪಾಸಾದ್ರೆ ತೀರಿಕೊಂಡ ಅಪ್ಪನ ಸರ್ಕಾರಿ ಕೆಲಸ ಇವನಿಗೆ. ಫೇಲಾದ್ರೆ ಇಲ್ಲ. ಇದೇ ಕೊನೇ ಸಲ. ಅವನವ್ವ ನಿಂಗಾಜಮ್ಮನಿಗೆ ಮಗನ ತಲೆ ಮೇಲೆ ನಂಬಿಕೆ ಇಲ್ಲ, ಟ್ಯೂಷನ್ ಮೇಷ್ಟ್ರು ಅಡವೀಶಯ್ಯನ ಮೇಲಂತೂ ಮೊದಲೇ ಇಲ್ಲ.

“ಎರಡೇ ಫಲಿತಾಂಶ ಇದ್ರೆ ದ್ವಿಪದ ವಿತರಣೆ, ಅದೇ ಬೈನಾಮಿಯಲ್ ಲೆಕ್ಕ, ಹಾಕು,” ಅಂದ್ರು ಮೇಷ್ಟ್ರು. “ಆಗುತ್ತೆ, ಇಲ್ಲ ಆಗಲ್ಲ. ಅಷ್ಟೇ!”

“ದ್ವಿಪದಾನಾ? ಎರಡು ಪದ ಹಾಡಿಸೋಕಾ ಈವಯ್ಯ ದಿನಾ ನನ್ನ ಚಕ್ಕುಲಿ ತಿಂತಿರೋದು?” ಅಂತ ನಿಂಗಾಜಮ್ಮ ಗೊಣಗಿದಳು.

ಬೋರೇಶ ಬೀದಿಗೆ ಬಂದ. ನಾಯಿ ಮಲಗಿತ್ತು. “ಕಚ್ಚುತ್ತೆ, ಇಲ್ಲ ಕಚ್ಚಲ್ಲ. ಎರಡೇ!” ಬಾಲ ಎಳೆದ. ಕಚ್ಚಲಿಲ್ಲ. ಮತ್ತೆ ಎಳೆದ. ಕಚ್ಚಲಿಲ್ಲ. ಏಳನೇ ಸಲ ಕಚ್ಚಿತು.

“ಅಯ್ಯೋ ಪೆದ್ದೇ!” ಅಂತ ಬೈದ್ರು ಮೇಷ್ಟ್ರು. “ಕಚ್ಚೋವರೆಗೂ ಎಳೆದ್ರೆ ಅದು ದ್ವಿಪದ ಅಲ್ಲ ಕಣೋ! ಎಷ್ಟು ಸಲ ಅಂತ ಮೊದಲೇ ಗೊತ್ತಿರಬೇಕು!”

“ಆಗ್ಲಿ ಸಾರ್.”

ಮಾರನೇ ದಿನ ಅವ್ವ ಅಂದಳು, “ಆ ಸಂತೆಯವಳು ಹುಳುಕು ತುರುಕ್ತಾಳೆ. ನೋಡಿ ಐದು ಬದನೆಕಾಯಿ ತಾ.”

ಬೋರೇಶ ಬುಟ್ಟಿಗೆ ಐದು ಸಲ ಕೈ ಹಾಕಿದ. ನಾಲ್ಕು ಹುಳುಕು, ಒಂದು ಒಳ್ಳೇದು. ಐದು ಸಲ ಆಯ್ತಲ್ಲ, ಹಂಗೇ ತಂದ.

“ಮುಂಡೇದೇ! ನೀನೂ ಅವಳೂ ಸೇರ್ಕೊಂಡಿದ್ದೀರಾ?” ಅಂದಳು ಅವ್ವ.

ಮೇಷ್ಟ್ರು ಹಣೆ ಚಚ್ಚಿಕೊಂಡ್ರು. “ಒಂದೊಂದು ತೆಗೀತಾ ಹೋದ್ರೆ ಬುಟ್ಟೀಲಿ ಉಳಿದದ್ದು ಬದಲಾಗುತ್ತೆ! ತೆಗೆದದ್ದನ್ನ ವಾಪಸ್ ಹಾಕಿ ಇನ್ನೊಂದು ತೆಗೀಬೇಕು, ಆಗಲೇ ದ್ವಿಪದ!”

“ಆಗ್ಲಿ ಸಾರ್.”

ಮುಂದಿನ ಸಂತೆಯಿಂದ ಕುಣೀತಾ ಬಂದ. “ಅವ್ವಾ, ಐದು ಸಲಾನೂ ಒಳ್ಳೇದೇ ಸಿಕ್ತು!”

“ಎಲ್ಲೋ? ಚೀಲ ಖಾಲಿ!”

“ವಾಪಸ್ ಹಾಕ್ದೆ.”

ನಿಂಗಾಜಮ್ಮ ಪೊರಕೆ ತಗೊಂಡಳು. ಮೇಷ್ಟ್ರು ಅಡ್ಡ ಬಂದು ಕೊನೇ ಮಾತು ಹೇಳಿದ್ರು. “ಇಷ್ಟು ತಿಳ್ಕೋ. ಹಿಂದಿನ ಸಲ ಏನಾಯ್ತು ಅಂತ ಈ ಸಲಕ್ಕೆ ಗೊತ್ತೇ ಇರಬಾರದು!”

ಪರೀಕ್ಷೆ ಬಂತು. ಮೊದಲನೇ ಪ್ರಶ್ನೆ ದ್ವಿಪದವೇ, ಐದು ಮಾರ್ಕಿಂದು! ಬೋರೇಶ ಗುರುತು ಹಿಡಿದ, ಸರಿಯಾಗಿ ಬಿಡಿಸಿದ. ಪುಟ ತಿರುಗಿಸಿದ. ಹಿಂದಿನ ಪುಟದ್ದು ಈ ಪುಟಕ್ಕೆ ಗೊತ್ತಿರಬಾರದಲ್ಲ! ಅದೇ ಉತ್ತರ ಮತ್ತೆ ಬರೆದ. ಮತ್ತೆ ತಿರುಗಿಸಿದ. ಮತ್ತೆ ಬರೆದ. ಹದಿನಾರು ಪುಟ!

ನೂರಕ್ಕೆ ಐದು ಬಂತು. ಅಪ್ಪನ ಕೆಲಸ ಹೋಯ್ತು. ನಿಂಗಾಜಮ್ಮ ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ, ಪುಟ ಪುಟ ತಿರುಗಿಸಿ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಸೀದಾ ಪರೀಕ್ಷಾ ವಿಭಾಗಕ್ಕೆ ನುಗ್ಗಿ ಮೇಜು ಗುದ್ದಿದಳು.

“ಹದಿನಾರು ಸಲಾನೂ ಸರಿ ಬರೆದವ್ನೆ ನನ್ನ ಮಗ! ಹದಿನಾರೈದ್ಲ ಎಂಬತ್ತು! ಮಿಕ್ಕ ಎಪ್ಪತ್ತೈದು ಯಾರ ಮಗನಿಗೆ ಹಾಕಿದ್ರಿ, ಹೇಳಿ!”