ಬೀಜದ ಹಾಸಿನ ನಕ್ಷೆ

ಶಿಷ್ಯ ಕೇಳಿದ: “ಗುರುಗಳೇ, ಇದ್ದದ್ದನ್ನು ಇದ್ದಂತೆ ಲೋಕಕ್ಕೆ ತೋರಿಸಿಬಿಟ್ಟರೆ ಅದನ್ನು ಹಾಳುಮಾಡುವ ಧೈರ್ಯ ಯಾರಿಗೆ ಬರುತ್ತದೆ?”

ಗುರು ಹೇಳಿದರು:

ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಒಂದು ಕೇರಿ ಇತ್ತು. ಅಲ್ಲಿನ ಹೆಂಗಸರು ಇಳಿತದ ಹೊತ್ತಿಗೆ ನೀರಿಗಿಳಿದು, ಕಾಲಿನಿಂದ ತಡವಿ ಚಿಪ್ಪಿ ಹೆಕ್ಕುತ್ತಿದ್ದರು. ಕೇರಿಯ ಒಲೆ ಉರಿಯುತ್ತಿದ್ದದ್ದು ಅದರಿಂದ. ನೀರಡಿ ಚಿಪ್ಪಿ ಒತ್ತಾಗಿ ಬೆಳೆದ ಒಂದು ಹಾಸನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅದು ಬೀಜದ ಹಾಸು. ಅಲ್ಲಿ ಹುಟ್ಟಿದ ಮರಿ ನೀರಿನೊಡನೆ ಹರಿದು ಉಳಿದ ಕಡೆಯೆಲ್ಲ ನೆಲೆಸುತ್ತಿತ್ತು. ಆ ಜಾಗವನ್ನು ಹೊರಗಿನವರಿಗೆ ತೋರಿಸಬಾರದು ಎಂಬುದು ಕೇರಿಯ ಕಟ್ಟಳೆ. ಮದುವೆಯಾಗಿ ಬಂದ ಸೊಸೆಗೂ ಮೊದಲ ಮಗು ಹುಟ್ಟುವ ತನಕ ತೋರಿಸುತ್ತಿರಲಿಲ್ಲ.

ಅಲ್ಲಿಗೆ ಒಬ್ಬ ನಕ್ಷೆಗಾರ ಬಂದ. ಉಪಗ್ರಹ ತೆಗೆದ ಚಿತ್ರ ನೋಡಿ ಕಡಲತಳದ ನಕ್ಷೆ ಬರೆಯುವುದು ಅವನ ಕೆಲಸ. ಕೆಟ್ಟವನಲ್ಲ. ಅಳಿವೆಗೆ ಮಣ್ಣು ಸುರಿದು ಬಂದರು ಕಟ್ಟುವ ಮಾತು ನಡೆದಿತ್ತು. ಅದನ್ನು ತಡೆಯಬೇಕೆಂದೇ ಬಂದಿದ್ದ. ಆದರೆ ಚಿತ್ರದಲ್ಲಿ ಚಿಪ್ಪಿಯ ಹಾಸೂ ಕಪ್ಪು ಕೆಸರೂ ಒಂದೇ ಬಣ್ಣ. ಯಾವುದು ಯಾವುದೆಂದು ನೀರಿನಲ್ಲಿ ನಿಂತು ತೋರಿಸುವವರು ಬೇಕಿತ್ತು. ಅವನು ಕೇರಿಯ ಹಿರಿಯಳನ್ನು ಕೇಳಿದ.

ಅವಳು ನಕ್ಕಳು. “ಆಕಾಶದಿಂದ ನನ್ನ ಮನೆಯ ಒಡೆದ ಹಂಚು ಕಾಣುತ್ತದಾ ತಮ್ಮಾ? ಕಂಡರೆ ಮೊದಲು ಅದನ್ನು ಮುಚ್ಚಿಸು.”

“ಅಮ್ಮಾ, ನಕ್ಷೆಯಲ್ಲಿ ಇಲ್ಲದ್ದು ಸರಕಾರದ ಪಾಲಿಗೆ ಇಲ್ಲವೇ ಇಲ್ಲ. ಬರೀ ಕೆಸರು ಎಂದು ಮುಚ್ಚಿಬಿಡುತ್ತಾರೆ. ಇಲ್ಲಿ ಚಿಪ್ಪಿ ಇದೆ ಎಂದು ಹಸಿರು ಬಣ್ಣ ಬಳಿದರೆ ಕಾಯುತ್ತಾರೆ.”

“ಯಾರು ಕಾಯುತ್ತಾರೆ?”

“ಕಾಯಬೇಕಾದವರು.”

ಉಳಿದ ಹೆಂಗಸರು ಬೈದರು. ನಿನ್ನ ಅತ್ತೆ ಬದುಕಿದ್ದರೆ ಕಾಲು ಮುರಿಯುತ್ತಿದ್ದಳು ಎಂದರು. ಆದರೂ ಎಲ್ಲವೂ ಮಣ್ಣಡಿ ಹೋಗುತ್ತದೆಂಬ ಭಯ ಅವಳಿಗೆ ಕಟ್ಟಳೆಗಿಂತ ದೊಡ್ಡದಾಯಿತು. ನೀರಿಗಿಳಿದು ಬೀಜದ ಹಾಸಿನ ಅಂಚಿನುದ್ದಕ್ಕೂ ನಡೆದಳು. ಅವಳು ನಿಂತಲ್ಲೆಲ್ಲ ಅವನು ಗುರುತು ಹಾಕಿಕೊಂಡ.

ನಕ್ಷೆ ಚೆನ್ನಾಗಿ ಬಂತು. ಬಂದರಿನ ಮಾತು ನಿಂತಿತು. ನಕ್ಷೆಯನ್ನು ಎಲ್ಲರೂ ನೋಡಲಿ ಎಂದು ಸರಕಾರದವರು ಬಹಿರಂಗಪಡಿಸಿದರು. ಮೊದಲು ನೋಡಿದವನು ಸುಣ್ಣಕ್ಕೆ ಚಿಪ್ಪು ಅಗೆಯುವ ಒಬ್ಬ ಗುತ್ತಿಗೆದಾರ. ಅದುವರೆಗೆ ಅಳಿವೆಯೆಲ್ಲ ತಡಕಾಡುತ್ತಿದ್ದವನು ನೇರವಾಗಿ ಹಸಿರಿನ ಮೇಲೆಯೇ ಯಂತ್ರ ನಿಲ್ಲಿಸಿದ. ಕಾಯಬೇಕಾದವರೇ ಅವನಿಗೆ ಪರವಾನಗಿ ಕೊಟ್ಟಿದ್ದರು. ಹೆಂಗಸರು ಎದೆಮಟ್ಟದ ನೀರಿನಲ್ಲಿ ಅಡ್ಡ ನಿಂತರು. ಪೊಲೀಸರು ಅವರನ್ನು ಎಳೆದು ದಡಕ್ಕೆ ಹಾಕಿದರು.

ಮಳೆಗಾಲ ಕಳೆದು ನೀರು ತಿಳಿಯಾಯಿತು. ಇಳಿತದಲ್ಲಿ ಇಳಿದವರ ಕಾಲಿಗೆ ಏನೂ ತಗುಲಲಿಲ್ಲ. ಬೀಜದ ಹಾಸಿನಲ್ಲಿ ಮಾತ್ರವಲ್ಲ, ಎಲ್ಲಿಯೂ. ಕೇರಿ ಹಿರಿಯಳೊಡನೆ ಮಾತು ಬಿಟ್ಟಿತು.

ನಕ್ಷೆಗಾರ ಮತ್ತೆ ಬಂದ. ಹೊಸ ಚಿತ್ರ ನೋಡಿ ಹೊಸ ನಕ್ಷೆ ಬರೆದಿದ್ದ. ಹಸಿರು ಇದ್ದಲ್ಲಿ ಮರಳಿನ ಬಣ್ಣವಿತ್ತು. “ನಷ್ಟ ಎಷ್ಟೆಂದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಅಮ್ಮಾ” ಎಂದು ಅದನ್ನು ಅವಳ ಕೈಗಿಟ್ಟ.

ಗುರು ಕತೆ ನಿಲ್ಲಿಸಿದರು.

“ಹಾಗಾದರೆ ನಕ್ಷೆಯಲ್ಲಿ ತಪ್ಪಿತ್ತೇ?” ಎಂದ ಶಿಷ್ಯ.

“ಎರಡರಲ್ಲಿಯೂ ತಪ್ಪಿರಲಿಲ್ಲ, ಮೊದಲನೆಯದು ಅಗೆಯುವವನ ಕೈಗೆ ಹೋಯಿತು, ಎರಡನೆಯದು ಅವಳ ಕೈಗೆ ಬಂತು.”