ಬೆವರುವ ಹೂಜಿ

"ಏನವ್ವ ಸಿರಿಯವ್ವ, ನಿನ್ನ ಹೂಜಿ ಹೀಗೆ ಬೆವರುತ್ತಿದೆ! ಜ್ವರ ಬಿಟ್ಟಿತೇನು?" ಮುಸುವ ಭರಮಣ್ಣ ಕೊಂಬೆಯ ಮೇಲಿಂದ ಹಲ್ಲು ಕಿರಿದ.

ಮುಳ್ಳುಹಂದಿ ಸಿರಿಯವ್ವ ತಲೆ ಎತ್ತಲಿಲ್ಲ. ಬಾಯಾರಿ ಬಂದ ಜಿಂಕೆಗೆ ಚೂರು ಬೆಲ್ಲ ಕೊಟ್ಟು ನೀರು ಬಗ್ಗಿಸಿದಳು.

ಕಾಡಂಚಿನ ಆ ಹುಣಸೆ ಮರದಡಿ ಬೇಸಿಗೆಗೆ ಎರಡು ಅರವಟ್ಟಿಗೆ. ದಾರಿಹೋಕರಿಗೆ ಪುಕ್ಕಟೆ ನೀರು. ಸಿರಿಯವ್ವನದು ಉದ್ದ ಕತ್ತಿನ ಮಣ್ಣಿನ ಹೂಜಿ. ಭರಮಣ್ಣನದು ಹಿತ್ತಾಳೆ ಕೊಡ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಮುಖ ನೋಡಿಕೊಳ್ಳುವಷ್ಟು ಹೊಳಪು. ಆದರೂ ಸಾಲು ನಿಲ್ಲುತ್ತಿದ್ದದ್ದು ಹೂಜಿಯ ಮುಂದೆ.

ಭರಮಣ್ಣನಿಗೆ ಹೊಟ್ಟೆ ಉರಿಯಿತು. ಕಾಡಿನ ಯಜಮಾನ ಆನೆಯ ಬಳಿ ದೂರು ಒಯ್ದ.

"ಒಂದೇ ಮರಕ್ಕೆ ಎರಡು ಅರವಟ್ಟಿಗೆ ಯಾಕೆ ಯಜಮಾನರೇ?"

"ಸರಿ. ನಾಳೆ ಮಧ್ಯಾಹ್ನ ಬರುತ್ತೇನೆ. ಯಾರ ನೀರು ತಣ್ಣಗಿದೆಯೋ ಮರ ಅವರದು. ಇನ್ನೊಬ್ಬರು ಜಾಗ ಬಿಡಬೇಕು" ಎಂದಿತು ಆನೆ.

ಸುದ್ದಿ ಸಿರಿಯವ್ವನಿಗೂ ಮುಟ್ಟಿತು. ಅವಳ ಬಿಲ ಆ ಮರದ ಬೇರಿನಲ್ಲೇ ಇತ್ತು. ಒಳಗೆ ಎರಡು ಎಳೆ ಮರಿಗಳು.

ಮರುದಿನ ಬೆಳಿಗ್ಗೆ ಅವಳು ಮರಿಗಳಿಗೆ ಹಾಲೂಡಿಸಿ ಹೊರಗೆ ಬಂದಳು. ಹೂಜಿ ಭರಮಣ್ಣನ ಕಂಕುಳಲ್ಲಿತ್ತು.

"ಏ ಭರಮಣ್ಣ, ನನ್ನ ಹೂಜಿ!"

"ಇನ್ನು ನನ್ನದು. ಬೇಕಾದರೆ ಕೊಡ ಇಟ್ಟುಕೋ" ಎಂದವನೇ ಮರ ಏರಿದ.

ಮೇಲೆ ಕೂತು ಹೂಜಿಯನ್ನು ತಿರುಗಿಸಿ ನೋಡಿದ. ಮೈಯೆಲ್ಲ ಒದ್ದೆ. "ಯಜಮಾನರ ಮುಂದೆ ಬೆವರುವ ಪಾತ್ರೆ ಇಡುವುದೇ? ಮರ್ಯಾದೆ ಏನಾದೀತು!" ಜೇನುಮೇಣ ತಂದು ಹೂಜಿಗೆಲ್ಲ ಮೆತ್ತಿದ. ಬೆವರು ನಿಂತಿತು. ಹೂಜಿ ಮಿರಮಿರ ಮಿಂಚಿತು.

ಕೆಳಗೆ ಸಿರಿಯವ್ವ ಕೊಡ ಮುಟ್ಟಿದಳು. ಬಿಸಿಲಿಗೆ ಕಾದಿತ್ತು. ಬಿಲದ ಕಡೆ ಒಮ್ಮೆ ನೋಡಿದಳು. ಅಳುವುದಕ್ಕೆ ಹೊತ್ತಿರಲಿಲ್ಲ.

ಹೂಜಿಯ ನೀರು ಯಾಕೆ ತಣ್ಣಗಿರುತ್ತದೆಂದು ಅವಳಿಗೆ ಗೊತ್ತಿತ್ತು, ಮಕ್ಕಳೇ. ಮೈಮೇಲಿನ ಪಸೆ ಗಾಳಿಗೆ ಆರಿದಂತೆ ಒಳಗಿನ ನೀರು ತಂಪಾಗುತ್ತದೆ. ಹಿತ್ತಾಳೆ ತಾನಾಗಿ ಬೆವರದು. ಬೆವರಿಸಬೇಕು.

ಹಳ್ಳದ ದಡದಲ್ಲಿ ಲಾವಂಚದ ಬೇರು ಕಿತ್ತು ತಂದಳು. ಕೊಡದ ಸುತ್ತ ದಪ್ಪಗೆ ಬಿಗಿದಳು. ನೀರು ತುಂಬಿ, ಗಾಳಿ ಬೀಸುವ ಕಡೆಗೆ ನೆರಳಲ್ಲಿಟ್ಟು, ಬೇರು ಆರಿದಾಗಲೆಲ್ಲ ನೀರು ಚಿಮುಕಿಸಿದಳು. ಹಳ್ಳಕ್ಕೂ ಮರಕ್ಕೂ ಎಷ್ಟು ಸಲ ಓಡಿದಳೋ!

ಮಧ್ಯಾಹ್ನ ಆನೆ ಬಂತು. ಹಿಂದೆ ಕಾಡೆಲ್ಲ ನೆರೆದಿತ್ತು.

ಆನೆ ಮೊದಲು ಹೂಜಿಯ ನೀರು ಕುಡಿಯಿತು. ಪಿಚಕ್ಕನೆ ಉಗುಳಿತು.

"ಇದೇನಯ್ಯ, ಸ್ನಾನಕ್ಕೆ ಕಾಯಿಸಿದ್ದೀಯ?"

ಭರಮಣ್ಣ ಮೇಣ ಮೆತ್ತಿದ ಹೂಜಿಯನ್ನು ಮುಟ್ಟಿ ಮುಟ್ಟಿ ನೋಡಿದ.

ಆನೆ ಕೊಡಕ್ಕೆ ಸೊಂಡಿಲಿಟ್ಟಿತು. ಕಣ್ಣು ಮುಚ್ಚಿತು. ಕೊಡ ಬರಿದಾಗುವವರೆಗೂ ಹೀರಿ ಹೀರಿ ಬಾಯಿಗೆ ಬಿಟ್ಟುಕೊಂಡಿತು.

"ಆಹಾ! ಹಲ್ಲು ಜುಂ ಎಂದಿತು ತಾಯಿ! ಮರ ನಿನ್ನದು. ಹೂಜಿಯೂ ನಿನ್ನದೇ."

ಕಾಡೆಲ್ಲ ಹೋ ಎಂದಿತು. ಮರಿಗಳು ಬಿಲದಿಂದ ಇಣುಕಿದವು. ಸಿರಿಯವ್ವ ಮುಳ್ಳೆಲ್ಲ ಬಿಚ್ಚಿ ಜಲಜಲ ಕುಣಿದಳು.

ಸಂಜೆಯೊಳಗೆ ಭರಮಣ್ಣ ಮರ ಬಿಟ್ಟ.

ನೀತಿ: ಇನ್ನೊಬ್ಬರ ವಸ್ತು ಕಸಿಯಬಹುದು, ಅವರ ತಿಳಿವಳಿಕೆ ಕಸಿಯಲಾಗದು.